ನೂರಕ್ಕೆ ಎರಡರ ಧರ್ಮ, ಉಳಿದ ತೊಂಬತ್ತೆಂಟರ ಲೆಕ್ಕ

(ನವನಗರದಲ್ಲಿ ಸೇರಿದ್ದ ರೈತರ ಮುಂದೆ ಆಡಿದ ಮಾತು. ಸಭೆಗೆ ಬರಲಾಗದ ಓದುಗರಿಗಾಗಿ ಬರಹದ ರೂಪದಲ್ಲಿ.)



ನಾವು ಇವತ್ತು ಕೂತಿರುವ ಜಾಗ ಯಾವುದು ನೋಡ್ರಿ. ಈ ನವನಗರದ ಮಗ್ಗುಲಿಗೇ ಅಮರಗೋಳದ ಎಪಿಎಂಸಿ ಪ್ರಾಂಗಣ ಇದೆ. ಅಲ್ಲಿ ನಮ್ಮ ಮಾಲಿಗೆ ಬೇರೆಯವರು ದರ ಹೇಳುತ್ತಾರೆ. ಧಾರವಾಡಕ್ಕೆ ಹೋದರೆ ಕೃಷಿ ವಿಶ್ವವಿದ್ಯಾಲಯ ಇದೆ. ಒಂದು ಕಾಲಕ್ಕೆ ನಮ್ಮ ಹೊಲದ ಹತ್ತಿ ಬೀಜ ಆ ಊರಿನಲ್ಲೇ ಹುಟ್ಟುತ್ತಿತ್ತು. ಬೀಜ ಒಂದು ತುದಿ, ದರ ಇನ್ನೊಂದು ತುದಿ. ನಡುವೆ ಇರುವುದು ನಮ್ಮ ಬೆವರು ಮತ್ತು ನಮ್ಮ ಸಾಲ. ಈ ಎರಡೂ ತುದಿಗಳು ಯಾರ ಕೈಗೆ ಹೋಗಿವೆ, ಆ ಕೈಗಳು ನಮಗೆ ಏನು ಉತ್ತರ ಹೇಳಬೇಕು ಎಂಬುದೇ ಇವತ್ತಿನ ವಿಚಾರ.

ಹತ್ತು ಹನ್ನೆರಡು ವರ್ಷಗಳಿಂದ ಒಂದು ಮಾತು ಹಳ್ಳಿಗೆ ಬಂದಿದೆ. 'ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ' ಅಂತ ಅದರ ಹೆಸರು. ಚಿಕ್ಕದಾಗಿ ಸಿಎಸ್‌ಆರ್ ಅಂತಾರೆ. ಶಾಲೆಗೆ ಬೆಂಚು ಬರುತ್ತವೆ, ಊರಿಗೆ ಶುದ್ಧ ನೀರಿನ ಘಟಕ ಬರುತ್ತದೆ, ಹೊಲದಲ್ಲಿ ಕೃಷಿ ಹೊಂಡ ತೋಡುತ್ತಾರೆ. ಮೇಲೆ ಕಂಪನಿಯ ಫಲಕ. ನಾನು ಬೆಂಚು ಬ್ಯಾಡ ಅನ್ನುವವನಲ್ಲ. ನವಲಗುಂದ ಸೀಮೆಯಲ್ಲಿ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ತೋಡಿಸಿದ ಹೊಂಡಗಳಿವೆ. ಹೊಂಡದಲ್ಲಿ ನೀರು ನಿಂತರೆ ಅದು ನೀರೇ. ಯಾರ ದುಡ್ಡಿನ ನೀರು ಅಂತ ಕಡಲೆ ಬೆಳೆ ಕೇಳುವುದಿಲ್ಲ. ಒಳ್ಳೆಯದನ್ನು ಒಳ್ಳೆಯದು ಅನ್ನಲು ನಮಗೆ ನಾಚಿಕೆ ಬೇಡ.

ಆದರೆ ಧರ್ಮ ಬೇರೆ, ಹೊಣೆ ಬೇರೆ. ಧರ್ಮ ಕೊಡುವವನು ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಅಂತ ತಾನೇ ತೀರ್ಮಾನಿಸುತ್ತಾನೆ. ತೆಗೆದುಕೊಳ್ಳುವವನು ಕೈ ಮುಗಿಯಬೇಕು ಅಷ್ಟೆ. ಹೊಣೆ ಹಾಗಲ್ಲ. ಹೊಣೆ ಇದ್ದ ಕಡೆ ಲೆಕ್ಕ ಕೇಳುವ ಹಕ್ಕು ಇರುತ್ತದೆ. ಕಂಪನಿಗಳು ತಮ್ಮ ಕೆಲಸಕ್ಕೆ 'ಹೊಣೆಗಾರಿಕೆ' ಅಂತ ಹೆಸರಿಟ್ಟುಕೊಂಡು, ನಮ್ಮಿಂದ ನಮಸ್ಕಾರ ಮಾತ್ರ ಬಯಸುತ್ತಿವೆ. ಹೆಸರು ಅವರೇ ಇಟ್ಟದ್ದು. ಹಾಗಾದರೆ ಲೆಕ್ಕವನ್ನು ನಾವು ಕೇಳೋಣ.

ಕಾನೂನು ಹೇಳುವುದೇನು?

2013ರ ಕಂಪನಿ ಕಾಯಿದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಇಲ್ಲವೆ 1000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದು ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಖರ್ಚು ಮಾಡುವಾಗ ತಾನು ವ್ಯವಹಾರ ನಡೆಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು.

2021ರಲ್ಲಿ ಈ ನಿಯಮಗಳನ್ನು ಬಿಗಿ ಮಾಡಿದರು. ಅದರಲ್ಲಿ ನಮಗೆ ಬೇಕಾದ ಮಾತು ಎರಡಿವೆ. ಒಂದು, ಕಂಪನಿ ತನ್ನ ದಿನನಿತ್ಯದ ವ್ಯಾಪಾರವಾಗಿ ಮಾಡುವ ಕೆಲಸವನ್ನು ಸಿಎಸ್‌ಆರ್ ಅಂತ ತೋರಿಸುವಂತಿಲ್ಲ. ಎರಡು, ತನ್ನ ಮಾಲಿಗೆ ಮಾರುಕಟ್ಟೆ ಹೆಚ್ಚಿಸಿಕೊಳ್ಳುವ ಸಲುವಾಗಿ ಕೊಡುವ ಪ್ರಾಯೋಜಕತ್ವವನ್ನೂ ಈ ಲೆಕ್ಕಕ್ಕೆ ಹಾಕುವಂತಿಲ್ಲ. ಅಂದರೆ ಬೀಜದ ಕಂಪನಿಯೊಂದು 'ರೈತ ತರಬೇತಿ' ಅಂತ ಪೆಂಡಾಲ್ ಹಾಕಿ, ಊಟ ಹಾಕಿಸಿ, ಕೊನೆಗೆ ತನ್ನ ಪಾಕೀಟನ್ನೇ ತೋರಿಸಿ ಕಳಿಸಿದರೆ ಅದು ಜಾಹೀರಾತು. ಸಮಾಜಸೇವೆ ಅಂತ ಬರೆದುಕೊಂಡರೆ ನಿಯಮದ ಉಲ್ಲಂಘನೆ. ಯಾವ ಯೋಜನೆಗಳನ್ನು ಕೈಗೊಂಡಿದ್ದೇವೆ ಎಂಬುದನ್ನು ಕಂಪನಿ ತನ್ನ ಜಾಲತಾಣದಲ್ಲಿ ಹಾಕಲೇಬೇಕು. ಊರಿನ ಓದಿದ ಹುಡುಗರಿಗೆ ಈ ಕೆಲಸ ಹಚ್ಚಿರಿ. ನಮ್ಮ ಊರಿನ ಹೆಸರಲ್ಲಿ ಯಾರು ಏನು ಬರೆದುಕೊಂಡಿದ್ದಾರೆ, ನೋಡಲಿ.

ಒಂದು ಮಾತನ್ನು ಮಾತ್ರ ಮರೆಯಬ್ಯಾಡ್ರಿ. ಈ ಕಾನೂನು ಕೇಳುವುದು ಬಂದ ಲಾಭದಲ್ಲಿ ಎರಡು ಪಾಲು ಎಲ್ಲಿಗೆ ಹೋಯಿತು ಅಂತ. ಆ ಲಾಭ ಹೇಗೆ ಬಂತು, ಯಾರ ಕಿಸೆಯಿಂದ ಬಂತು ಅಂತ ಅದು ಕೇಳುವುದಿಲ್ಲ. ಕೇಳುವ ಕೆಲಸ ನಮ್ಮದು.

ಹಳೆಯ ವ್ಯಾಪಾರ, ಹಳೆಯ ಉಪದೇಶ

ಪರದೇಶದ ಮಾರುಕಟ್ಟೆ ನಮ್ಮ ಹೊಲಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ. 1840ರ ದಶಕದಲ್ಲೇ ಇಂಗ್ಲಿಷರು ಅಮೆರಿಕದ ಹತ್ತಿ ಬೀಜವನ್ನು ಧಾರವಾಡಕ್ಕೆ ತಂದರು. ಹೇಗೆ ಬೆಳೆಯಬೇಕು ಅಂತ ಕಲಿಸಲಿಕ್ಕೆ ಅಮೆರಿಕದ ತೋಟಗಾರರನ್ನೂ ಕರೆಸಿದರು. 'ಧಾರವಾಡ ಅಮೆರಿಕನ್' ಅಂತ ಆ ಹತ್ತಿಗೆ ಹೆಸರಾಯಿತು. ನಮ್ಮ ನಾಡ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಲ್ಯಾಂಕಷೈರಿನ ಗಿರಣಿಯವರು ಅದನ್ನು 'ಕುಮ್ಟಾ' ಅಂತ ಕರೆದರು. ಬೆಳೆದವನ ಊರಿನ ಹೆಸರು ಸಾಗಲಿಲ್ಲ, ಸಾಗಿಸಿದ ಬಂದರಿನ ಹೆಸರು ಸಾಗಿತು.

1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿನ ಹತ್ತಿ ನಿಂತಿತು, ಇಲ್ಲಿನ ದರ ಮುಗಿಲಿಗೆ ಏರಿತು. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. ಯುದ್ಧ ಮುಗಿದಾಗ ದರ ಬಿತ್ತು, ಸಾಲ ನಿಂತಿತು. ಮಹಾರಾಷ್ಟ್ರದ ಪುಣೆ, ಅಹಮದ್‌ನಗರ ಜಿಲ್ಲೆಗಳಲ್ಲಿ 1875ರಲ್ಲಿ ರೈತರು ಸಾಹುಕಾರರ ಸಾಲಪತ್ರ ಸುಟ್ಟ ದಂಗೆಗೆ ಇದೂ ಒಂದು ಕಾರಣ. ಈ ನಡುವೆ 1863ರಲ್ಲಿ ಮುಂಬಯಿ ಸರ್ಕಾರ ಒಂದು ಕಾನೂನು ತಂದಿತು. ಯಾವ ಕಾನೂನು ಗೊತ್ತೇನು? ಹತ್ತಿಯಲ್ಲಿ ಕಲಬೆರಕೆ ಮಾಡುವವರಿಗೆ ಶಿಕ್ಷೆ ಕೊಡುವ ಕಾನೂನು. ಗಿರಣಿಗೆ ಶುದ್ಧ ಹತ್ತಿ ಬೇಕು, ಸರಿ. ಆದರೆ ಬೆಳೆದವನಿಗೆ ಶುದ್ಧ ದರ ಬೇಕು ಎಂಬ ಕಾನೂನು ಆ ದಿನ ಯಾರೂ ತರಲಿಲ್ಲ.

ಈ ಪಾಠವನ್ನು ನೆನಪಿಡಿರಿ. ಪೇಟೆಯ ದೊಡ್ಡವರಿಗೆ ತೊಂದರೆಯಾದಾಗ ತಪ್ಪು ರೈತನದು. ರೈತನಿಗೆ ತೊಂದರೆಯಾದಾಗ ತಪ್ಪು ಮಾರುಕಟ್ಟೆಯದು, ಮಾರುಕಟ್ಟೆಗೆ ಮುಖವಿಲ್ಲ. ಮುಂದೆ ಇದೇ ಕಥೆ ಮತ್ತೆ ಬರುತ್ತದೆ.

ವರಲಕ್ಷ್ಮಿಯಿಂದ ಬಿಟಿಯವರೆಗೆ

1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ 'ವರಲಕ್ಷ್ಮಿ' ಹತ್ತಿ ಹೊರಬಂತು. ಡಾ. ಬಿ. ಎಚ್. ಕತರಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಸಂಕರಣ ತಳಿ ಅದು. ಉದ್ದ ಎಳೆಯ ಹತ್ತಿಗೆ ಪರದೇಶದ ಕಡೆ ನೋಡುತ್ತಿದ್ದ ನಮ್ಮ ಗಿರಣಿಗಳು ಈ ಕಡೆ ತಿರುಗಿ ನೋಡಿದವು. ಆಮೇಲೆ 1981ರಲ್ಲಿ 'ಜಯಲಕ್ಷ್ಮಿ', ಅಂದರೆ ಡಿಸಿಎಚ್ 32 ಬಂತು. ನಿಮ್ಮಲ್ಲಿ ವಯಸ್ಸಾದವರು ಈ ಎರಡನ್ನೂ ಬಿತ್ತಿದ್ದೀರಿ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಸಂಕರಣ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು. ಆ ರೂಢಿ ಪರದೇಶಿ ಕಂಪನಿ ತಂದದ್ದಲ್ಲ, ನಮ್ಮ ಸರ್ಕಾರಿ ಕೇಂದ್ರಗಳಿಂದಲೇ ಶುರುವಾಯಿತು. ಆದರೆ ವ್ಯತ್ಯಾಸ ಇತ್ತು. ತಳಿಯ ತಾಯಿ, ತಂದೆ ಎರಡೂ ಸಾರ್ವಜನಿಕರ ಸ್ವತ್ತಾಗಿದ್ದವು. ಬೀಜದ ಒಳಗಿನ ಗುಣಕ್ಕೆ ಅಂತ ಬೇರೆ ಬಾಡಿಗೆ ಇರಲಿಲ್ಲ. ಸೋತರೆ ಧಾರವಾಡಕ್ಕೆ ಬಂದು ಕೇಳಬಹುದಾಗಿತ್ತು.

ಮುಂದೆ ಏನಾಯಿತು? ಕಾರ್ಗಿಲ್ ಕಂಪನಿ ಬೀಜದ ವ್ಯಾಪಾರಕ್ಕೆ ಕರ್ನಾಟಕಕ್ಕೆ ಬಂತು. ರೈತ ಸಂಘದವರು 1992ರ ಡಿಸೆಂಬರ್ 29ರಂದು ಅದರ ಬೆಂಗಳೂರು ಕಚೇರಿಗೆ ನುಗ್ಗಿದರು. 1993ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕಟ್ಟುತ್ತಿದ್ದ ಅದರ ಬೀಜದ ಘಟಕವನ್ನು ಕೆಡವಿದರು. 1998ರಲ್ಲಿ ಕಾರ್ಗಿಲ್ ತನ್ನ ಅಂತರರಾಷ್ಟ್ರೀಯ ಬೀಜ ವ್ಯಾಪಾರವನ್ನು ಮಾನ್ಸಾಂಟೊಗೆ ಮಾರಿತು. ಅದೇ ವರ್ಷ ಬಿಟಿ ಹತ್ತಿಯ ಪ್ರಯೋಗ ನಮ್ಮ ಹೊಲಗಳಲ್ಲಿ ನಡೆಯಿತು. ಯಾವ ಯಾವ ಹೊಲ ಎಂಬುದು ಜನರಿಗೆ ಗೊತ್ತಾದದ್ದು ಬಿತ್ತಿ ತಿಂಗಳುಗಳು ಕಳೆದ ಮೇಲೆ, ನವೆಂಬರಿನಲ್ಲಿ. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ಸಿಂಧನೂರು ತಾಲ್ಲೂಕಿನಲ್ಲಿ ಆ ಬೆಳೆಯನ್ನು ಕಿತ್ತು ಸುಟ್ಟರು. 2002ರ ಮಾರ್ಚ್ 26ರಂದು ಕೇಂದ್ರದ ಸಮಿತಿ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು.

ಈ ನಡುವೆ 2000ದ ನವೆಂಬರಿನಲ್ಲಿ ಮಾನ್ಸಾಂಟೊ ಮುಖ್ಯಸ್ಥರು ಒಂದು 'ಹೊಸ ಪ್ರತಿಜ್ಞೆ' ಪ್ರಕಟಿಸಿದರು. ಸಂವಾದ, ಪಾರದರ್ಶಕತೆ, ಗೌರವ, ಹಂಚಿಕೆ, ಪ್ರಯೋಜನ, ಇವು ಅದರ ಐದು ಮಾತುಗಳು. ಯುರೋಪಿನಲ್ಲಿ ಜನ ತಿರುಗಿಬಿದ್ದಿದ್ದರು, ಹೆಸರು ಕೆಟ್ಟಿತ್ತು. ಆದ್ದರಿಂದ ಪ್ರತಿಜ್ಞೆ ಬಂತು. ಐದೂ ಒಳ್ಳೆಯ ಮಾತುಗಳೇ. ಆದರೆ ದರದ ಮಾತು ಅದರಲ್ಲಿ ಇರಲಿಲ್ಲ.

ಪಾಕೀಟಿನ ಲೆಕ್ಕ

ಈಗ ದರಕ್ಕೆ ಬರೋಣ. 2005ರ ಹೊತ್ತಿಗೆ 450 ಗ್ರಾಂ ಬಿಟಿ ಹತ್ತಿ ಪಾಕೀಟಿಗೆ 1600 ರೂಪಾಯಿಗೂ ಮೇಲೆ ದರ ಇತ್ತು. ಅದರಲ್ಲಿ ಸುಮಾರು 1250 ರೂಪಾಯಿ ಆ ಗುಣಕ್ಕೆ ತೆರುವ ರಾಯಧನ. ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ತಡೆಯುವ ಆಯೋಗಕ್ಕೆ ದೂರು ಕೊಟ್ಟಿತು. 2006ರಲ್ಲಿ ಆಯೋಗ ರಾಯಧನ ಇಳಿಸಲು ಹೇಳಿತು, ಆಂಧ್ರ ಸರ್ಕಾರ ಪಾಕೀಟಿಗೆ 750 ರೂಪಾಯಿ ಮಿತಿ ಹಾಕಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಅಂದರೆ ಒಂದು ಪಾಕೀಟಿಗೆ ಕನಿಷ್ಠ 850 ರೂಪಾಯಿ ಇಳಿಯಿತು. ನಾಲ್ಕು ಎಕರೆ ಹತ್ತಿ, ಎಕರೆಗೆ ಎರಡು ಪಾಕೀಟು ಹಿಡಿಯಿರಿ. ಎಂಟು ಪಾಕೀಟಿಗೆ 6800 ರೂಪಾಯಿ, ಒಂದು ಹಂಗಾಮಿಗೆ, ಒಂದು ಮನೆಗೆ.

ಬೊಲ್‌ಗಾರ್ಡ್ ಎರಡು ಬಂದ ಮೇಲೂ ಪಾಕೀಟಿಗೆ ಸುಮಾರು 163 ರೂಪಾಯಿ ರಾಯಧನ ನಡೆಯುತ್ತಿತ್ತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹತ್ತಿ ಬೀಜದ ದರ ನಿಯಂತ್ರಣ ಆದೇಶ ತಂದಿತು. ರಾಯಧನ 2016ರಲ್ಲಿ 49ಕ್ಕೆ, 2018ರಲ್ಲಿ 39ಕ್ಕೆ, 2019ರಲ್ಲಿ 20ಕ್ಕೆ ಇಳಿಯಿತು, 2020ರಲ್ಲಿ ಪೂರ್ತಿ ಹೋಯಿತು.

ಈಗ ಲೆಕ್ಕ ಹಾಕ್ರಿ. 163 ರೂಪಾಯಿಯಂತೆ ಎಂಟು ಪಾಕೀಟಿಗೆ ನಾಲ್ಕು ಎಕರೆಯವನು ಕೊಟ್ಟ ರಾಯಧನ 1304 ರೂಪಾಯಿ. ಅಷ್ಟೂ ಕಂಪನಿಗೆ ಶುದ್ಧ ಲಾಭ ಅಂತಲೇ ಹಿಡಿಯಿರಿ. ಅದರ ನೂರಕ್ಕೆ ಎರಡು ಅಂದರೆ 26 ರೂಪಾಯಿ. ಆ 26 ರೂಪಾಯಿಯೂ ಅವನ ಊರಿಗೇ ಬರುತ್ತದೆ ಅಂತ ಖಾತ್ರಿ ಇಲ್ಲ. ಒಂದು ಕಡೆ 26 ರೂಪಾಯಿಯ ಧರ್ಮ, ಇನ್ನೊಂದು ಕಡೆ 6800 ರೂಪಾಯಿಯ ನ್ಯಾಯ. ಮೊದಲನೆಯದಕ್ಕೆ ಸಮಾರಂಭ, ಹಾರ, ಫೋಟೋ. ಎರಡನೆಯದು ಬಂದದ್ದು ದೂರು, ಆಯೋಗ, ಹೋರಾಟ, ಸರ್ಕಾರಿ ಆದೇಶದಿಂದ. ಯಾವ ಕಂಪನಿಯೂ ಅದನ್ನು ತಾನಾಗಿ ಕೊಟ್ಟಿಲ್ಲ. ಅದನ್ನು ತಡೆಯಲು ಕೋರ್ಟಿಗೆ ಹೋದದ್ದೂ ಉಂಟು.

ಬಿಟಿಯಿಂದ ಏನೂ ಲಾಭವಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕಕ್ಕೆ ಔಷಧಿ ಹೊಡೆಯುವುದು ಕಡಿಮೆಯಾಯಿತು. ಅದು ನಿಜ, ಅದಕ್ಕೇ ರೈತರು ಕೊಂಡರು. ಆದರೆ ಗುಲಾಬಿ ಕಾಯಿಕೊರಕ ಆ ಗುಣವನ್ನು ಜೀರ್ಣಿಸಿಕೊಂಡಿತು. ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಹೀಗಾಗಿದೆ ಅಂತ 2010ರ ಮಾರ್ಚಿನಲ್ಲಿ ಕಂಪನಿಯೇ ಒಪ್ಪಿತು. ಕಾರಣ ಏನು ಹೇಳಿತು? ರೈತರು ಸುತ್ತ ಬಿಟಿ ಅಲ್ಲದ ಹತ್ತಿ ಸಾಲು ಸಾಕಷ್ಟು ಹಾಕಲಿಲ್ಲ ಅಂತ. 1863ರ ದನಿ ಕೇಳಿಸಿತಲ್ಲವೆ? ಸಾಲು ಹಾಕಬೇಕಾಗಿತ್ತು, ಸರಿ. ಆದರೆ ಎರಡು, ಮೂರು ಎಕರೆಯವನು ಆದಾಯ ಬಿಟ್ಟು ಆ ಸಾಲು ಹಾಕಲಿ ಅಂತ ಯೋಜನೆ ಮಾಡಿದವರು, ಆ ನಷ್ಟವನ್ನು ಯಾರು ಹೊರಬೇಕು ಅಂತ ಯೋಚಿಸಲಿಲ್ಲ.

2013ರ ಹಂಗಾಮಿನಲ್ಲಿ ಮಹಿಕೋ ಕಂಪನಿಯ 'ಕನಕ' ಬಿಟಿ ಹತ್ತಿ ನಮ್ಮ ಪಕ್ಕದ ಹಾವೇರಿ, ದಾವಣಗೆರೆ ಕಡೆ ಕೈಕೊಟ್ಟಿತು. ಗಿಡ ಬೆಳೆಯಿತು, ಕಾಯಿ ನಿಲ್ಲಲಿಲ್ಲ. 2014ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಆ ಕಂಪನಿಯ ಬಿಟಿ ಹತ್ತಿ ಬೀಜದ ಮಾರಾಟಕ್ಕೆ ತಡೆ ಹಾಕಿತು. ಅಲ್ಲಿಯೂ ಮೊದಲು ಬೀದಿಗೆ ಬಂದವರು ರೈತರು.

ನಮ್ಮ ವಿಶ್ವವಿದ್ಯಾಲಯವೂ ಉತ್ತರ ಹೇಳಬೇಕು

ಕಂಪನಿಯನ್ನು ಮಾತ್ರ ಬೈದರೆ ಅರ್ಧ ಕೆಲಸ. ಸಾರ್ವಜನಿಕ ದುಡ್ಡಿನಿಂದ ನಡೆಯುವ ಸಂಸ್ಥೆಗಳೂ ನಮಗೆ ಹೊಣೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೂಡಿ 'ಬಿಕಾನೇರಿ ನರ್ಮಾ ಬಿಟಿ' ಎಂಬ ಹತ್ತಿ ತಂದವು. ಇದು ಸಂಕರಣವಲ್ಲ, ಸಾದಾ ತಳಿ. ರೈತ ಬೀಜ ಹಿಡಿದಿಟ್ಟುಕೊಳ್ಳಬಹುದು. ಇಂಥ ಬೀಜಕ್ಕಾಗಿ ಎಷ್ಟು ಜನ ಕಾದಿದ್ದರು! 2009ರಲ್ಲಿ ರೈತರ ಕೈಗೆ ಬಂತು, ಅದೇ ವರ್ಷದ ಕೊನೆಗೆ ನಿಂತುಹೋಯಿತು. ಅದರಲ್ಲಿ ಮಾನ್ಸಾಂಟೊದ ಜೀನ್ ಸೇರಿತ್ತು ಅಂತ ಹೊರಬಿತ್ತು. ಸೋಪೋರಿ ಅವರ ಮುಂದಾಳತ್ವದ ಸಮಿತಿ 2012ರಲ್ಲಿ ವರದಿ ಕೊಟ್ಟು ಅದನ್ನು ದೃಢಪಡಿಸಿತು. ಸೋಲಿನ ಬೆಲೆ ತೆತ್ತವರು ಯಾರು? ಸರ್ಕಾರಿ ಬೀಜದ ಆಸೆಯಲ್ಲಿದ್ದ ರೈತರು.

ಬದನೆಕಾಯಿಯದು ಇನ್ನೊಂದು ಕಥೆ. ಮಾಳಾಪುರ, ಕುಡಚಿ, ರಬಕವಿ, ಉಡುಪಿ ಮುಂತಾದ ಕಡೆಯ ನಮ್ಮ ನಾಡ ಬದನೆ ತಳಿಗಳನ್ನು ಬಿಟಿ ಬದನೆ ಮಾಡಲು ಬಳಸಿದರು. ಆ ಕೆಲಸದಲ್ಲಿ ಧಾರವಾಡ ವಿಶ್ವವಿದ್ಯಾಲಯವೂ, ಮಹಿಕೋ ಕಂಪನಿಯೂ ಇದ್ದವು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಡೆಯಬೇಕಾದ ಅನುಮತಿ ಪಡೆದಿಲ್ಲ ಅಂತ ಬೆಂಗಳೂರಿನ ಸಂಘಟನೆಯೊಂದು 2010ರಲ್ಲಿ ದೂರು ಕೊಟ್ಟಿತು. ಅದಕ್ಕೆ ಕೆಲವೇ ದಿನ ಮೊದಲು, ಫೆಬ್ರವರಿ 9ರಂದು, ಕೇಂದ್ರ ಮಂತ್ರಿ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದ್ದರು. ಪ್ರಕರಣ ಧಾರವಾಡದ ನ್ಯಾಯಾಲಯಕ್ಕೂ, ಮುಂದೆ ಹೈಕೋರ್ಟಿಗೂ ಹೋಯಿತು. ತಲೆತಲಾಂತರದಿಂದ ಅಜ್ಜಿಯರು ಬೂದಿ ಹಚ್ಚಿ ಉಳಿಸಿದ ಬೀಜಕ್ಕೆ ಊರಿನ ಅಭಿಪ್ರಾಯ ಕೇಳಬೇಕು ಎಂಬ ಕಾನೂನು ಇತ್ತು. 2023ರ ತಿದ್ದುಪಡಿಯಲ್ಲಿ ಆ ಕಾನೂನು ಮುರಿದವರಿಗಿದ್ದ ಜೈಲು ಶಿಕ್ಷೆ ಹೋಗಿ ದಂಡ ಮಾತ್ರ ಉಳಿದಿದೆ. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಅಂತ ಒಂದು ಇರಬೇಕು. ಅದು ಕಾಗದದ ಮೇಲೆ ಇದೆಯೋ, ಊರಲ್ಲಿ ಇದೆಯೋ, ವಿಚಾರಿಸಿರಿ.

ಅಂಗಿಯ ಮೇಲಿನ ಚೀಟಿ

ಇನ್ನು ಮಾರುವ ತುದಿಗೆ ಬರೋಣ. ಪರದೇಶದ ಅಂಗಡಿಯಲ್ಲಿ ಅಂಗಿ ಕೊಳ್ಳುವವನು ಈಗ ಕೇಳುತ್ತಾನೆ, ಈ ಹತ್ತಿ ಬೆಳೆಯುವಾಗ ನೀರು ಹಾಳಾಯಿತೇ, ಮಕ್ಕಳು ದುಡಿದರೇ ಅಂತ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ದೊಡ್ಡ ಕಂಪನಿಗಳು ಚೀಟಿ ಅಂಟಿಸುತ್ತವೆ. 2005ರ ಸುಮಾರಿಗೆ ಮಾತುಕತೆ ಶುರುವಾಗಿ ಬೆಳೆದ 'ಬೆಟರ್ ಕಾಟನ್' ಎಂಬ ವ್ಯವಸ್ಥೆ ಇವುಗಳಲ್ಲಿ ದೊಡ್ಡದು. ಕಡಿಮೆ ನೀರು, ಕಡಿಮೆ ಔಷಧಿ ಅಂತ ರೈತರಿಗೆ ಕಲಿಸುತ್ತಾರೆ. ಖರ್ಚು ಇಳಿದರೆ ನಮಗೂ ಅನುಕೂಲ.

ಆದರೆ ಎರಡು ವಿಷಯ ತಿಳಿದಿರಲಿ. ಒಂದು, ಹೀಗೆ ಬೆಳೆದ ಹತ್ತಿಗೆ ಕ್ವಿಂಟಲಿಗೆ ಇಷ್ಟು ಹೆಚ್ಚು ಕೊಡಲೇಬೇಕು ಎಂಬ ಕಟ್ಟುಪಾಡು ಅದರಲ್ಲಿಲ್ಲ. 'ಫೇರ್‌ಟ್ರೇಡ್' ಎಂಬ ಇನ್ನೊಂದು ಪದ್ಧತಿಯಲ್ಲಿ ಕನಿಷ್ಠ ದರವೂ, ಅದರ ಮೇಲೆ ರೈತರ ಸಂಘಕ್ಕೆ ಹೆಚ್ಚುವರಿ ಹಣವೂ ನಿಗದಿಯಾಗಿರುತ್ತದೆ. ಎರಡು, ಬಹಳ ವರ್ಷ ಆ ಚೀಟಿ ಇದ್ದ ಅಂಗಿಯಲ್ಲಿ ಆ ಹತ್ತಿಯೇ ಇರಬೇಕೆಂದಿರಲಿಲ್ಲ. ಕಂಪನಿ ಅಷ್ಟು ತೂಕದ ಹತ್ತಿಗೆ ಲೆಕ್ಕ ತೋರಿಸಿದರೆ ಸಾಕಾಗಿತ್ತು. ಎಲ್ಲಿಂದ ಬಂತು ಎಂಬ ಜಾಡು ಹಿಡಿಯುವ ಏರ್ಪಾಟು ಬಂದದ್ದು 2023ರ ಕೊನೆಗೆ. ನಮ್ಮ ಒಳ್ಳೆಯ ಹೆಸರು ಅಂಗಿಯ ಮೇಲೆ ಮಾರಾಟವಾಗುತ್ತದೆ, ದರ ಮಾತ್ರ ಮೊದಲಿನದೇ ಅಂದರೆ ಅದು ಯಾವ ಸೀಮೆಯ ಪಾಲುದಾರಿಕೆ?

ಚೀಟಿ ಒಂದು ಕಡೆ, ಸರ್ಕಾರದ ಸುಂಕ ಇನ್ನೊಂದು ಕಡೆ. ಹೊರಗಿನ ಹತ್ತಿಯ ಮೇಲೆ 2021ರಲ್ಲಿ ಹಾಕಿದ್ದ ನೂರಕ್ಕೆ 11ರ ಆಮದು ಸುಂಕವನ್ನು 2025ರ ಆಗಸ್ಟಿನಲ್ಲಿ ತೆಗೆದು, ಡಿಸೆಂಬರ್ 31ರ ತನಕ ಮುಂದುವರಿಸಿದರು. ಗಿರಣಿಗಳಿಗೆ ಅನುಕೂಲವಾಗಲಿ ಅಂತ. ಅದೇ ತಿಂಗಳುಗಳಲ್ಲಿ ನಮ್ಮ ಹತ್ತಿ ಹೊಲದಿಂದ ಪೇಟೆಗೆ ಬರುತ್ತದೆ ಎಂಬುದು ದಿಲ್ಲಿಗೆ ಗೊತ್ತಿಲ್ಲದ ಸಂಗತಿಯೇ?

ಬ್ಯಾಡಗಿಯನ್ನೂ ಮರೆಯಬಾರದು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಸತ್ವವಾಗಿ ಪರದೇಶಕ್ಕೆ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ಆದರೂ 2024ರ ಮಾರ್ಚ್ 11ರಂದು ದರ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಯಿತು, ವಾಹನಗಳು ಸುಟ್ಟವು. ಬೆಂಕಿ ಹಚ್ಚುವುದನ್ನು ನಾನು ಹೊಗಳುವುದಿಲ್ಲ, ಕೇಸು ಬೀಳುವುದು ನಮ್ಮ ಹುಡುಗರ ಮೇಲೆ. ಆದರೆ ಹೆಸರಿಗೆ ರಕ್ಷಣೆ ಇದ್ದು ದರಕ್ಕೆ ರಕ್ಷಣೆ ಇಲ್ಲದಿದ್ದರೆ ಹೀಗೇ ಆಗುತ್ತದೆ.

ನಮ್ಮ ಬಾಗಿಲಲ್ಲಿ ನಿಂತ ಪ್ರಶ್ನೆ

ಈಗ ಸ್ವಲ್ಪ ಕಹಿ ಮಾತು. ನಾವು ಭೂಮಿ ಇದ್ದವರು. ನಮ್ಮ ಹೊಲದಲ್ಲೂ ಕೂಲಿಯವರು ದುಡಿಯುತ್ತಾರೆ. ಹೊಣೆ ಕೇಳುವವರು ಹೊಣೆ ಹೊರಲೂ ಬೇಕು.

ಹತ್ತಿಯ ಸಂಕರಣ ಬೀಜ ಮಾಡುವಾಗ ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ ಪರಾಗ ಮುಟ್ಟಿಸಬೇಕು. ಆ ಕೆಲಸಕ್ಕೆ ಸಣ್ಣ ಹುಡುಗಿಯರನ್ನು ಹಚ್ಚುತ್ತಿದ್ದರು. ಆಂಧ್ರದ ಬೀಜದ ಹೊಲಗಳ ಈ ಸ್ಥಿತಿಯನ್ನು ದಾವುಲೂರಿ ವೆಂಕಟೇಶ್ವರ್ಲು ಅವರು 2003ರಲ್ಲಿ ಅಧ್ಯಯನ ಮಾಡಿ ಹೊರಗಿಟ್ಟರು. ಯುರೋಪಿನಲ್ಲಿ ಗದ್ದಲವಾಯಿತು. ಕಂಪನಿಗಳು 'ಮಕ್ಕಳನ್ನು ದುಡಿಸಬಾರದು' ಅಂತ ಒಪ್ಪಂದಕ್ಕೆ ಕಲಮು ಸೇರಿಸಿದವು, ಬೋರ್ಡು ಬರೆಸಿದವು. ತಪ್ಪು ಮತ್ತೆ ಹೊಲದವನದಾಯಿತು. ಆದರೆ ಆ ಅಧ್ಯಯನಗಳು ಇನ್ನೊಂದು ಮಾತನ್ನೂ ಹೇಳಿದವು. ಬೀಜಕ್ಕೆ ಕಂಪನಿ ಕೊಡುವ ಖರೀದಿ ದರದಲ್ಲಿ ದೊಡ್ಡವರಿಗೆ ಪೂರ್ತಿ ಕೂಲಿ ಕೊಟ್ಟರೆ ರೈತನಿಗೆ ಗಿಟ್ಟುವುದಿಲ್ಲ ಅಂತ.

ಹಾಗಂತ ನಾವು ಕೈ ತೊಳೆದುಕೊಳ್ಳಬಹುದೇ? ಬರುವುದಿಲ್ಲ. ಶಾಲೆಗೆ ಹೋಗಬೇಕಾದ ಮಗುವನ್ನು ಹೊಲಕ್ಕೆ ಕರೆಯುವುದು ದರ ಕಡಿಮೆ ಇದೆ ಎಂಬ ಕಾರಣಕ್ಕೆ ನ್ಯಾಯವಾಗುವುದಿಲ್ಲ. ಕಂಪನಿಯ ಮೇಲೆ ದರದ ಹೊಣೆ, ನಮ್ಮ ಮೇಲೆ ಕೂಲಿಯ ಹೊಣೆ. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ನಮ್ಮ ಮಾತಿಗೆ ತೂಕ. ಹೆಣ್ಣಾಳಿಗೆ ಕಡಿಮೆ ಕೂಲಿ ಕೊಟ್ಟು ಬಂದು, ಸಭೆಯಲ್ಲಿ ನ್ಯಾಯದ ದರ ಕೇಳಿದರೆ ನಮ್ಮ ಮನೆಯವರೇ ನಗುತ್ತಾರೆ.

ನಾಯಕ ಯಾರು?

ದೊಡ್ಡ ಕಂಪನಿಗಳು 'ನಾಯಕತ್ವ' ಅನ್ನುತ್ತವೆ. ಅವರ ನಾಯಕ ಉತ್ತರ ಹೇಳುವುದು ಷೇರುದಾರನಿಗೆ. ಕಾರ್ಗಿಲ್ ಬೀಜ ಮಾನ್ಸಾಂಟೊ ಆಯಿತು, ಮಾನ್ಸಾಂಟೊವನ್ನು 2018ರ ಜೂನಿನಲ್ಲಿ ಬೇಯರ್ ಕೊಂಡಿತು. ಮುಖ್ಯಸ್ಥ ಹೋದ, ಪ್ರತಿಜ್ಞೆಯ ಹೆಸರು ಹೋಯಿತು, ಬೋರ್ಡು ಬದಲಾಯಿತು. ನಮ್ಮ ಸಾಲದ ಪುಸ್ತಕದ ಹೆಸರು ಮಾತ್ರ ಬದಲಾಗಲಿಲ್ಲ. ಆದ್ದರಿಂದ ಮನುಷ್ಯನ ಮಾತನ್ನು ನಂಬಬ್ಯಾಡ್ರಿ, ಬರೆದ ಕಲಮನ್ನು ನಂಬಿರಿ.

ನಮ್ಮ ನೆಲದ ನಾಯಕತ್ವ ಬೇರೆ ಥರ ಹುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಬೀದಿಗೆ ಇಳಿದದ್ದು ಮಲಪ್ರಭೆಯ ನೀರು ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕೇಳಿದ್ದಕ್ಕೆ. ಗೋಲಿಬಾರ್ ಆಯಿತು, ರೈತರು ಸತ್ತರು. ಅಲ್ಲಿಂದ ರೈತ ಚಳವಳಿ ಇಡೀ ನಾಡಿಗೆ ಹಬ್ಬಿತು. ಆಮೇಲಿನ ವರ್ಷಗಳಲ್ಲಿ ಊರ ಬಾಗಿಲಿಗೆ ಬೋರ್ಡು ಹಾಕಿದೆವು, ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರ್ಬ್ಯಾಡ್ರಿ ಅಂತ. ಆ ಬೋರ್ಡಿನ ಅರ್ಥ ಸರಳ. ಊರಿಗೆ ಬರುವವನು ಊರಿಗೆ ಉತ್ತರ ಹೇಳಬೇಕು. ಆ ನಿಯಮ ಜಪ್ತಿಗೆ ಬಂದ ಅಧಿಕಾರಿಗೆ ಅನ್ವಯಿಸಿದಂತೆ ಬೆಂಚು ತಂದ ಕಂಪನಿಗೂ ಅನ್ವಯಿಸಬೇಕು, ನಮ್ಮ ನಾಯಕನಿಗೂ ಅನ್ವಯಿಸಬೇಕು.

ನಮ್ಮ ನಾಯಕರಿಗೂ ಅಂತ ಒತ್ತಿ ಹೇಳುತ್ತೇನೆ. ಈಗ ರೈತ ಉತ್ಪಾದಕ ಕಂಪನಿಗಳು ಊರೂರಿಗೆ ಹುಟ್ಟಿವೆ. ಅದರಲ್ಲಿ ಷೇರು ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ. ಅದು ದೊಡ್ಡ ಶಕ್ತಿ. ಆದರೆ ವಾರ್ಷಿಕ ಸಭೆಗೆ ನಾವು ಹೋಗದಿದ್ದರೆ, ಲೆಕ್ಕಪತ್ರ ಓದದಿದ್ದರೆ, ಅದೂ ಒಬ್ಬ ದಲಾಲನ ಅಂಗಡಿಯಾಗುತ್ತದೆ. ಬೋರ್ಡಿನ ಬಣ್ಣ ಮಾತ್ರ ಬೇರೆ.

ಇನ್ನು ಮಾಡಬೇಕಾದದ್ದು

ಬೀಜದ ಬಿಲ್ಲು, ಪಾಕೀಟು, ಲಾಟ್ ನಂಬರ್ ಇರುವ ಚೀಟಿ, ಸ್ವಲ್ಪ ಬೀಜ, ಇವನ್ನು ರಾಶಿ ಮುಗಿಯುವ ತನಕ ಎತ್ತಿಡಿರಿ. ರೈತನೂ ಗ್ರಾಹಕನೇ, ಕೆಟ್ಟ ಬೀಜಕ್ಕೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಬಿಲ್ಲು ಇಲ್ಲದವನ ಮಾತು ಅಲ್ಲಿ ನಿಲ್ಲುವುದು ಕಷ್ಟ. ಉದ್ದರಿ ಕೊಡುತ್ತೇನೆ ಅಂತ ಅಂಗಡಿಯವನು ಬಿಲ್ಲು ಕೊಡದಿದ್ದರೆ ಆ ಉದ್ದರಿ ನಿಮ್ಮ ಬಾಯಿ ಕಟ್ಟುವ ಹಗ್ಗ ಅಂತ ತಿಳಿಯಿರಿ.

2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೇ ಕಲಮು ನೆನಪಿಡಿರಿ. ನೋಂದಾಯಿಸಿದ ತಳಿಯಾದರೂ ತನ್ನ ಬೆಳೆಯಿಂದ ಬೀಜ ಉಳಿಸುವ, ಬಿತ್ತುವ, ಬದಲಿಸುವ, ಮಾರುವ ಹಕ್ಕು ರೈತನಿಗಿದೆ. ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಆಲೂಗಡ್ಡೆ ತಳಿ ಬೆಳೆದರು ಅಂತ ಗುಜರಾತಿನ ರೈತರ ಮೇಲೆ ಕೋಟಿ ರೂಪಾಯಿಯ ದಾವೆ ಹೂಡಿತ್ತು. ದೇಶದಲ್ಲಿ ಗದ್ದಲವೆದ್ದ ಮೇಲೆ ಮೇ ತಿಂಗಳಲ್ಲಿ ದಾವೆ ಹಿಂತೆಗೆದುಕೊಂಡಿತು. ಆ ತಳಿಯ ನೋಂದಣಿ 2021ರಲ್ಲಿ ರದ್ದಾಗಿ, 2024ರ ಜನವರಿಯಲ್ಲಿ ದಿಲ್ಲಿ ಹೈಕೋರ್ಟಿನಿಂದ ಮತ್ತೆ ಕಂಪನಿಯ ಕಡೆಗೆ ಹೋಯಿತು. ಆದರೆ ರೈತರ ಹಕ್ಕಿನ ಕಲಮು ಹಾಗೇ ಇದೆ. ಆಲೂಗಡ್ಡೆ ಬೆಳೆಯುವ ಧಾರವಾಡ ಸೀಮೆಯವರಿಗೆ ಇದು ದೂರದ ಸುದ್ದಿಯಲ್ಲ.

ಒಪ್ಪಂದ ಕನ್ನಡದಲ್ಲಿ ಇರಲಿ. ಒಂದು ಪ್ರತಿ ನಿಮ್ಮ ಮನೆಯಲ್ಲಿ ಇರಲಿ. ದರ ಎಷ್ಟು, ತೂಕ ಎಲ್ಲಿ, ಯಾವ ಕಾರಣಕ್ಕೆ ಮಾಲು ತಿರಸ್ಕರಿಸಬಹುದು, ಹಣ ಎಷ್ಟು ದಿನದಲ್ಲಿ, ಬೆಳೆ ಕೆಟ್ಟರೆ ನಷ್ಟ ಯಾರಿಗೆ, ಈ ಐದಕ್ಕೂ ಬರೆದ ಉತ್ತರ ಇಲ್ಲದಿದ್ದರೆ ಸಹಿ ಹಾಕಬ್ಯಾಡ್ರಿ.

ಕಂಪನಿಯವರು ಊರಿಗೆ ಸಹಾಯ ತಂದರೆ ಗ್ರಾಮಸಭೆಯಲ್ಲಿ ಬರಲಿ. ಒಬ್ಬ ಪ್ರಮುಖನ ಜಗಲಿಯಲ್ಲಿ ಬ್ಯಾಡ. ಇದು ಸಿಎಸ್‌ಆರ್ ಲೆಕ್ಕದ್ದೋ, ಮಾರಾಟದ ಲೆಕ್ಕದ್ದೋ ಅಂತ ಮೊದಲು ಕೇಳಿರಿ. ಎಷ್ಟು ದುಡ್ಡು, ಎಷ್ಟು ವರ್ಷ, ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ ಅಂತ ಠರಾವಿನಲ್ಲಿ ಬರೆಸಿರಿ. ಉತ್ತರ ಸರಿಯಾಗಿದ್ದರೆ ತೆಗೆದುಕೊಳ್ಳಿರಿ, ಚಹಾ ಕೊಟ್ಟು ಕಳಿಸಿರಿ. ಆದರೆ ಬೆಂಚು ತೆಗೆದುಕೊಂಡ ಊರು ಬೀಜದ ದರ ಕೇಳಬಾರದು ಎಂಬ ಒಳ ಒಪ್ಪಂದ ಯಾವ ಊರಿಗೂ ಬ್ಯಾಡ.

ಬರುವ ಮುಂಗಾರಿಗೆ ಮೊದಲು ಪ್ರತಿ ಊರಿನಲ್ಲೂ ಒಂದು ಪುಸ್ತಕ ಇಡೋಣ. ಯಾವ ಕಂಪನಿಯ ಯಾವ ಬೀಜ ಎಷ್ಟು ಎಕರೆ ಬಿತ್ತಿದೆ, ಎಷ್ಟು ದರ ಕೊಟ್ಟೆವು, ಎಷ್ಟು ಬೆಳೆಯಿತು, ಅಮರಗೋಳದಲ್ಲಿ ಯಾವ ದಿನ ಏನು ದರ ಸಿಕ್ಕಿತು, ಕೂಲಿ ಎಷ್ಟು ಕೊಟ್ಟೆವು, ಸಾಲ ಎಷ್ಟು ಉಳಿಯಿತು. ಸಂಜೆ ಒಬ್ಬರು ಕೂತು ಬರೆದರೆ ಸಾಕು. ಅವರ ಹತ್ತಿರ ಸಾವಿರ ಊರಿನ ಅಂಕಿ ಇದೆ, ನಮ್ಮ ಹತ್ತಿರ ನಮ್ಮ ಊರಿನದೂ ಇಲ್ಲ. ಸುಗ್ಗಿ ಮುಗಿದ ಮೇಲೆ ಆ ಪುಸ್ತಕಗಳನ್ನು ತಂದು ಇದೇ ನವನಗರದಲ್ಲಿ ಒಟ್ಟಿಗೆ ತೆರೆಯೋಣ. ಆಗ ಕಂಪನಿಯವರನ್ನೂ, ಇಲಾಖೆಯವರನ್ನೂ, ವಿಶ್ವವಿದ್ಯಾಲಯದವರನ್ನೂ ಕರೆಯೋಣ. ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ಪುಟ ಓದಿ, ಉತ್ತರ ಕೇಳೋಣ.